ಮೂರನೇ ಕವಚದಲ್ಲಿ ಜಾಗ ಇದ್ದರೂ ನಾಲ್ಕನೆಯದಕ್ಕೆ ಹೋದದ್ದೇಕೆ? ಎಲೆಕ್ಟ್ರಾನ್ ವಿನ್ಯಾಸ ಬರೆಯುವುದನ್ನು ಬೇರಿನಿಂದ ಕಲಿಯೋಣ

ಹತ್ತನೇ ತರಗತಿಯವರೆಗೆ ಎಲ್ಲವೂ ಸಲೀಸು. ಸೋಡಿಯಂ 2, 8, 1. ಕ್ಲೋರಿನ್ 2, 8, 7. ಕ್ಯಾಲ್ಸಿಯಂ 2, 8, 8, 2. ಇಲ್ಲಿ ಒಂದು ಕ್ಷಣ ನಿಲ್ಲಿ. ಒಂದು ಕವಚದಲ್ಲಿ ಹೆಚ್ಚೆಂದರೆ 2ಎನ್² ಎಲೆಕ್ಟ್ರಾನ್ ಹಿಡಿಸುತ್ತವೆ (ಎನ್ ಅಂದರೆ ಎಷ್ಟನೇ ಕವಚ ಎಂಬ ಸಂಖ್ಯೆ) ಎಂಬ ಸೂತ್ರವನ್ನು ಅದೇ ಪಾಠದಲ್ಲಿ ಓದಿರುತ್ತೀರಿ. ಅದರ ಪ್ರಕಾರ ಮೂರನೇ ಕವಚದಲ್ಲಿ 18ಕ್ಕೆ ಜಾಗ. ಹಾಗಿದ್ದರೆ ಕ್ಯಾಲ್ಸಿಯಂನ ಕೊನೆಯ ಎರಡು ಎಲೆಕ್ಟ್ರಾನ್‌ಗಳು ಹತ್ತು ಜಾಗ ಖಾಲಿ ಬಿಟ್ಟು ನಾಲ್ಕನೇ ಕವಚಕ್ಕೆ ಹೋಗಿ ಕುಳಿತದ್ದೇಕೆ? ಕೇಳಿದರೆ "ಹೊರಗಿನ ಕವಚದಲ್ಲಿ ಎಂಟಕ್ಕಿಂತ ಹೆಚ್ಚು ಇರಬಾರದು" ಎಂಬ ಉತ್ತರ ಸಿಗುತ್ತದೆ. ಅದು ನಿಯಮವಾಯಿತು, ಕಾರಣವಾಗಲಿಲ್ಲ.

ಕನ್ನಡ ಮಾಧ್ಯಮದಿಂದ ಪಿಯುಸಿ ಸೈನ್ಸ್‌ಗೆ ಹೋದ ನನಗೆ ಈ ಪ್ರಶ್ನೆ ಬಗೆಹರಿಯದೆಯೇ ಮೊದಲ ಟೆಸ್ಟ್ ಬಂತು. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ ಅಯಾನಿನ ವಿನ್ಯಾಸ ಬರೆಯಿರಿ ಎಂದಿದ್ದರು. ಬರೆದೆ. ಕೆಂಪು ಗೆರೆ ಬಿತ್ತು. ಯಾಕೆಂದು ಅರ್ಥವಾಗಲು ಇನ್ನೊಂದು ವರ್ಷ ಬೇಕಾಯಿತು. ಎಲೆಕ್ಟ್ರಾನ್‌ಗಳು ಒಳಗೆ ಬಂದ ದಾರಿಯಲ್ಲೇ ಹೊರಗೆ ಹೋಗುತ್ತವೆ ಎಂದು ನಾನು ನಂಬಿದ್ದೆ. ಹಾಗೆ ಹೋಗುವುದಿಲ್ಲ. ಈ ಬರಹದಲ್ಲಿ ಮೊದಲಿಂದ ಕೊನೆಯವರೆಗೆ ಕಬ್ಬಿಣವನ್ನೇ ಇಟ್ಟುಕೊಂಡು ಹೋಗುತ್ತೇನೆ. ಅದೊಂದು ಸರಿಯಾಗಿ ಬಂದರೆ ಮಿಕ್ಕವು ತಾವಾಗಿ ಬರುತ್ತವೆ. ಒಂದು ಚೌಕುಳಿ ಹಾಳೆ, ಪೆನ್ಸಿಲ್, ಆವರ್ತ ಕೋಷ್ಟಕ ಪಕ್ಕದಲ್ಲಿಟ್ಟುಕೊಳ್ಳಿ. ಓದುತ್ತಾ ಬರೆಯಿರಿ, ಬರೀ ಓದಿದರೆ ಇದು ತಲೆಗೆ ಹತ್ತುವ ವಿಷಯವಲ್ಲ.

ಹಂತ 1: ಎಷ್ಟು ಎಲೆಕ್ಟ್ರಾನ್ ಎಂದು ಎಣಿಸಿ

ಪರಮಾಣು ಸಂಖ್ಯೆ ಎಷ್ಟೋ ಅಷ್ಟು. ಕಬ್ಬಿಣಕ್ಕೆ 26. ಅಯಾನು ಕೊಟ್ಟಿದ್ದರೂ ಮೊದಲು ಆವೇಶವಿಲ್ಲದ ಪರಮಾಣುವಿನ ಲೆಕ್ಕವನ್ನೇ ಬರೆದುಕೊಳ್ಳಿ, ಕಳೆಯುವ ಕೂಡಿಸುವ ಕೆಲಸ ಆಮೇಲೆ. ನಾನು ಎಡವಿದ್ದು ಸರಿಯಾಗಿ ಇಲ್ಲಿಯೇ: 26ರಲ್ಲಿ 2 ಕಳೆದು, ಉಳಿದ 24ನ್ನು ಹೊಸದಾಗಿ ತುಂಬಿಸಿಬಿಟ್ಟಿದ್ದೆ.

ಹಂತ 2: ಯಾವ ಯಾವ ಜಾಗಗಳಿವೆ ಎಂದು ತಿಳಿಯಿರಿ

ಪಠ್ಯಪುಸ್ತಕದ ಚಿತ್ರದಲ್ಲಿ ಬೀಜಕೇಂದ್ರದ ಸುತ್ತ ಉಂಗುರಗಳಿದ್ದು, ಅವುಗಳ ಮೇಲೆ ಎಲೆಕ್ಟ್ರಾನ್‌ಗಳು ಮಣಿ ಪೋಣಿಸಿದಂತೆ ಕೂತಿರುತ್ತವೆ. 1913ರಲ್ಲಿ ನೀಲ್ಸ್ ಬೋರ್ ಕೊಟ್ಟ ಮಾದರಿಯಿಂದ ಬಂದ ಚಿತ್ರ ಅದು. ಹೈಡ್ರೋಜನ್ನಿನ ಬೆಳಕಿನ ಗೆರೆಗಳನ್ನು ಅದು ಚೆನ್ನಾಗಿ ವಿವರಿಸಿತು, ಎರಡು ಎಲೆಕ್ಟ್ರಾನ್‌ಗಳ ಹೀಲಿಯಂಗೆ ಬಂದಾಗಲೇ ಸೋತಿತು. 1926ರಲ್ಲಿ ಶ್ರೋಡಿಂಗರ್ ತಮ್ಮ ಸಮೀಕರಣ ಕೊಟ್ಟ ಮೇಲೆ ಉಂಗುರ ಹೋಗಿ ಮೋಡ ಬಂತು. ಎಲೆಕ್ಟ್ರಾನ್ ಇಂಥ ಗೆರೆಯ ಮೇಲೆ ಓಡುತ್ತಿದೆ ಎನ್ನಲಾಗದು. ಇಂಥ ಜಾಗದಲ್ಲಿ ಸಿಗುವ ಸಂಭವ ಇಷ್ಟು ಎನ್ನಬಹುದು, ಅಷ್ಟೇ. ಆ ಮೋಡದ ಆಕಾರಕ್ಕೆ ಆರ್ಬಿಟಲ್ ಎಂದು ಹೆಸರು. ಕನ್ನಡ ಪುಸ್ತಕಗಳಲ್ಲಿ ಕಕ್ಷಕ ಎಂದಿರುತ್ತದೆ. ಕಕ್ಷೆ ಬೇರೆ, ಕಕ್ಷಕ ಬೇರೆ. ಒಂದಕ್ಷರದ ವ್ಯತ್ಯಾಸದಲ್ಲಿ ಎಷ್ಟೋ ಮಕ್ಕಳು ಅಂಕ ಕಳೆದುಕೊಂಡಿದ್ದಾರೆ. ಹಾಗಾಗಿ ನಾನಂತೂ ಆರ್ಬಿಟಲ್ ಎಂದೇ ಬರೆಯುತ್ತೇನೆ.

ಪ್ರತಿ ಆರ್ಬಿಟಲ್‌ಗೂ ಮೂರು ಕ್ವಾಂಟಮ್ ಸಂಖ್ಯೆಗಳು. ಮೊದಲನೆಯದು ಎನ್, ಅಂದರೆ ಕವಚ: 1, 2, 3 ಹೀಗೆ. ಎರಡನೆಯದು ಎಲ್, ಅಂದರೆ ಉಪಕವಚ. ಇದು ಮೋಡದ ಆಕಾರವನ್ನು ಹೇಳುತ್ತದೆ. ಎಲ್‌ನ ಬೆಲೆ 0ಯಿಂದ ಶುರುವಾಗಿ ಎನ್‌ಗಿಂತ ಒಂದು ಕಡಿಮೆಯವರೆಗೆ ಹೋಗಬಹುದು. ಹಾಗಾಗಿ ಮೊದಲ ಕವಚದಲ್ಲಿ ಒಂದೇ ಬಗೆ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು. ಎಲ್ 0 ಆದರೆ ಎಸ್, 1 ಆದರೆ ಪಿ, 2 ಆದರೆ ಡಿ, 3 ಆದರೆ ಎಫ್. 1ಪಿ, 2ಡಿ, 3ಎಫ್ ಎಂಬವು ಇಲ್ಲವೇ ಇಲ್ಲ. ಉತ್ತರಪತ್ರಿಕೆಯಲ್ಲಿ ಇವು ಕಂಡರೆ ಮೌಲ್ಯಮಾಪಕರು ಮುಂದೆ ಓದುವುದಿಲ್ಲ.

ಈ ಅಕ್ಷರಗಳು ಬಂದದ್ದು ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡುವ ಹಳೆಯ ರೋಹಿತದರ್ಶಕದ ಕಾಲದಿಂದ. ಕ್ಷಾರ ಲೋಹಗಳ ಬೆಳಕಿನಲ್ಲಿ ಕಂಡ ಗೆರೆಗಳ ಸಾಲುಗಳಿಗೆ ಶಾರ್ಪ್, ಪ್ರಿನ್ಸಿಪಲ್, ಡಿಫ್ಯೂಸ್, ಫಂಡಮೆಂಟಲ್ ಎಂದು ಹೆಸರಿಟ್ಟಿದ್ದರು. ಅವುಗಳ ಮೊದಲ ಅಕ್ಷರಗಳು ಉಳಿದುಕೊಂಡವು. ಸಾರು ಉಕ್ಕಿ ಒಲೆಗೆ ಚೆಲ್ಲಿದಾಗ ಗ್ಯಾಸಿನ ನೀಲಿ ಉರಿ ಝಗ್ಗೆಂದು ಹಳದಿಯಾಗುತ್ತದಲ್ಲ, ಅದು ಸಾರಿನ ಉಪ್ಪಿನಲ್ಲಿರುವ ಸೋಡಿಯಂ. ಅದರ ಹೊರಗಿನ ಎಲೆಕ್ಟ್ರಾನ್ ಶಾಖಕ್ಕೆ 3ಎಸ್‌ನಿಂದ 3ಪಿಗೆ ಏರಿ, ಮತ್ತೆ ಇಳಿಯುವಾಗ ಸುಮಾರು 589 ನ್ಯಾನೋಮೀಟರಿನ ಹಳದಿ ಬೆಳಕು ಬಿಡುತ್ತದೆ. ಪುಸ್ತಕದ ಎಸ್, ಪಿ ಅಡುಗೆಮನೆಯಲ್ಲಿ ಕಣ್ಣಿಗೆ ಬೀಳುವುದು ಹೀಗೆ.

ಮೂರನೇ ಕ್ವಾಂಟಮ್ ಸಂಖ್ಯೆ ಆ ಆಕಾರ ಯಾವ ದಿಕ್ಕಿಗೆ ಮುಖಮಾಡಿದೆ ಎನ್ನುವುದು. ಅದು ಮೈನಸ್ ಎಲ್‌ನಿಂದ ಪ್ಲಸ್ ಎಲ್‌ವರೆಗೆ, ಅಂದರೆ ಒಟ್ಟು 2ಎಲ್+1 ಬಗೆ. ಎಸ್ ಉಂಡೆಯಂತಿರುವುದರಿಂದ ಅದಕ್ಕೆ ದಿಕ್ಕೇ ಇಲ್ಲ, ಒಂದೇ ಆರ್ಬಿಟಲ್. ಪಿಯದು ಡಂಬೆಲ್ ಆಕಾರ. ಒಂದಕ್ಕೊಂದು ಲಂಬವಾಗಿ ಮೂರು. ಡಿಗೆ ಐದು, ಎಫ್‌ಗೆ ಏಳು. ಒಂದೊಂದರಲ್ಲೂ ಎರಡೆರಡು ಎಲೆಕ್ಟ್ರಾನ್ ಹಿಡಿಸಿದರೆ:

ಎಸ್: 1 ಆರ್ಬಿಟಲ್, 2 ಎಲೆಕ್ಟ್ರಾನ್
ಪಿ: 3 ಆರ್ಬಿಟಲ್, 6 ಎಲೆಕ್ಟ್ರಾನ್
ಡಿ: 5 ಆರ್ಬಿಟಲ್, 10 ಎಲೆಕ್ಟ್ರಾನ್
ಎಫ್: 7 ಆರ್ಬಿಟಲ್, 14 ಎಲೆಕ್ಟ್ರಾನ್

ಮೂರನೇ ಕವಚದ ಎಸ್, ಪಿ, ಡಿ ಕೂಡಿಸಿ: 2 + 6 + 10 = 18. ಹತ್ತನೇ ತರಗತಿಯ 2ಎನ್² ಸೂತ್ರದ ಬೇರು ಇಲ್ಲಿದೆ.

ಒಂದು ಆರ್ಬಿಟಲ್‌ಗೆ ಎರಡೇ ಏಕೆ? ನಾಲ್ಕನೆಯದಾಗಿ ಸ್ಪಿನ್ ಎಂಬ ಕ್ವಾಂಟಮ್ ಸಂಖ್ಯೆಯೊಂದಿದೆ. ಅದಕ್ಕೆ ಎರಡೇ ಬೆಲೆ, +½ ಮತ್ತು −½. ಒಂದು ಪರಮಾಣುವಿನಲ್ಲಿ ಯಾವ ಎರಡು ಎಲೆಕ್ಟ್ರಾನ್‌ಗಳಿಗೂ ನಾಲ್ಕೂ ಸಂಖ್ಯೆಗಳು ಒಂದೇ ಆಗಿರಲಾರವು ಎಂದು 1925ರಲ್ಲಿ ವೋಲ್ಫ್‌ಗಾಂಗ್ ಪೌಲಿ ಹೇಳಿದರು. ಆರ್ಬಿಟಲ್ ಒಂದೇ ಎಂದರೆ ಮೊದಲ ಮೂರು ಸಂಖ್ಯೆ ಒಂದೇ. ಉಳಿದದ್ದು ಸ್ಪಿನ್ ಮಾತ್ರ. ಒಂದು ಮೇಲ್ಮುಖ ↑, ಇನ್ನೊಂದು ಕೆಳಮುಖ ↓. ಮೂರನೆಯದಕ್ಕೆ ಜಾಗವಿಲ್ಲ. ಸ್ಪಿನ್ ಎಂದ ಮಾತ್ರಕ್ಕೆ ಎಲೆಕ್ಟ್ರಾನ್ ಬುಗುರಿಯಂತೆ ತಿರುಗುತ್ತಿದೆ ಎಂದುಕೊಳ್ಳಬೇಡಿ. ಹೆಸರು ಹಾಗೆ ಬಂತು, ಅಷ್ಟೇ.

ಹಂತ 3: ತುಂಬುವ ಸರದಿ

ಪರಮಾಣುವನ್ನು ಒಂದೊಂದೇ ಎಲೆಕ್ಟ್ರಾನ್ ಸೇರಿಸುತ್ತಾ ಕಟ್ಟುತ್ತಾ ಹೋಗುವ ಈ ಕ್ರಮಕ್ಕೆ ಔಫ್‌ಬೌ ತತ್ವ ಎನ್ನುತ್ತಾರೆ. ಔಫ್‌ಬೌ ಎನ್ನುವುದು ಯಾವ ವಿಜ್ಞಾನಿಯ ಹೆಸರೂ ಅಲ್ಲ. ಜರ್ಮನ್ ಭಾಷೆಯಲ್ಲಿ ಕಟ್ಟುವುದು ಎಂದರ್ಥ. "ಔಫ್‌ಬೌ ಎಂಬ ವಿಜ್ಞಾನಿಯು" ಎಂದು ಶುರುವಾಗುವ ಉತ್ತರಗಳನ್ನು ನಾನೇ ಓದಿದ್ದೇನೆ.

ಸರದಿ ಗೊತ್ತುಮಾಡಲು ಒಂದು ಸಣ್ಣ ಲೆಕ್ಕ ಸಾಕು. ಎನ್ ಮತ್ತು ಎಲ್ ಎರಡನ್ನೂ ಕೂಡಿಸಿ. ಮೊತ್ತ ಯಾವುದಕ್ಕೆ ಕಡಿಮೆಯೋ ಅದು ಮೊದಲು. ಮೊತ್ತ ಸಮವಾದರೆ, ಎನ್ ಚಿಕ್ಕದಾಗಿರುವುದು ಮೊದಲು.

4ಎಸ್: 4 + 0 = 4
3ಡಿ: 3 + 2 = 5
4ಪಿ: 4 + 1 = 5

ಹಾಗಾಗಿ 4ಎಸ್ ಮೊದಲು, ಆಮೇಲೆ 3ಡಿ, ಆಮೇಲೆ 4ಪಿ. ಹೀಗೆ ಪೂರ್ತಿ ಸಾಲು ಬರೆದರೆ:

1ಎಸ್, 2ಎಸ್, 2ಪಿ, 3ಎಸ್, 3ಪಿ, 4ಎಸ್, 3ಡಿ, 4ಪಿ, 5ಎಸ್, 4ಡಿ, 5ಪಿ, 6ಎಸ್, 4ಎಫ್, 5ಡಿ, 6ಪಿ, 7ಎಸ್, 5ಎಫ್, 6ಡಿ, 7ಪಿ

ಎಲ್ಲದರ ಸಾಮರ್ಥ್ಯವನ್ನೂ ಕೂಡಿಸಿ ನೋಡಿ, ಸರಿಯಾಗಿ 118 ಬರುತ್ತದೆ. ಆವರ್ತ ಕೋಷ್ಟಕದ ಕೊನೆಯ ಧಾತು ಒಗಾನೆಸಾನ್‌ನ ಸಂಖ್ಯೆ ಅದು.

ಮೇಲಿನಿಂದ ಕೆಳಗೆ ಓರೆ ಬಾಣಗಳನ್ನು ಎಳೆಯುವ ಚಿತ್ರವನ್ನು ಎಲ್ಲ ಪುಸ್ತಕಗಳೂ ಕೊಡುತ್ತವೆ. ಅದೂ ಇದೇ ಲೆಕ್ಕವೇ. ನನಗೆ ಮಾತ್ರ ಆ ಚಿತ್ರದ ಮೇಲೆ ಅಷ್ಟು ಪ್ರೀತಿಯಿಲ್ಲ. ಪರೀಕ್ಷೆಯ ಗಡಿಬಿಡಿಯಲ್ಲಿ ಒಂದು ಬಾಣ ವಾರೆಯಾದರೆ ಅಲ್ಲಿಂದ ಮುಂದೆ ಎಲ್ಲ ತಪ್ಪು. ಅದಕ್ಕಿಂತ ಆವರ್ತ ಕೋಷ್ಟಕವನ್ನೇ ಓದುವುದು ಒಳ್ಳೆಯದು, ಏಕೆಂದರೆ ಆ ಸರದಿ ಅದರ ಆಕಾರದಲ್ಲೇ ಅಡಗಿದೆ. ಎಡಗಡೆಯ ಎರಡು ಕಂಬಸಾಲು ಎಸ್. ಬಲಗಡೆಯ ಆರು ಕಂಬಸಾಲು ಪಿ. ನಡುವಿನ ಹತ್ತು ಡಿ. ಕೆಳಗೆ ಬೇರೆಯಾಗಿ ಇಟ್ಟ ಹದಿನಾಲ್ಕರ ಎರಡು ಪಟ್ಟಿ ಎಫ್. ಎರಡು, ಆರು, ಹತ್ತು, ಹದಿನಾಲ್ಕು: ಹಂತ 2ರ ಅದೇ ಸಂಖ್ಯೆಗಳು. ಹೈಡ್ರೋಜನ್‌ನಿಂದ ಶುರುಮಾಡಿ, ಸಾಲು ಸಾಲಾಗಿ ಎಡದಿಂದ ಬಲಕ್ಕೆ, ನಿಮ್ಮ ಧಾತು ಸಿಗುವವರೆಗೆ ಬೆರಳಿಟ್ಟು ಓದುತ್ತಾ ಹೋಗಿ. ಎಸ್ ಮತ್ತು ಪಿಗೆ ಸಾಲಿನ ಸಂಖ್ಯೆಯೇ ಎನ್. ಡಿಗೆ ಸಾಲಿನ ಸಂಖ್ಯೆಯಲ್ಲಿ ಒಂದು ಕಡಿಮೆ, ಎಫ್‌ಗೆ ಎರಡು ಕಡಿಮೆ. ಹೀಲಿಯಂ ಒಂದನ್ನು ಮಾತ್ರ ಬಲತುದಿಯಲ್ಲಿ ಕೂರಿಸಿದ್ದಾರೆ. ಗುಣದಲ್ಲಿ ಅದು ಜಡ ಅನಿಲ, ವಿನ್ಯಾಸದಲ್ಲಿ 1ಎಸ್², ಅಂದರೆ 1ಎಸ್‌ನಲ್ಲಿ ಎರಡು ಎಲೆಕ್ಟ್ರಾನ್.

ಈಗ ಆ ಹಳೆಯ ಪ್ರಶ್ನೆ. ನಾಲ್ಕನೆಯದು ಮೂರನೆಯದಕ್ಕಿಂತ ಮೊದಲು ಯಾಕೆ?

ಪೊಟ್ಯಾಸಿಯಂ ನೋಡೋಣ. ಬೀಜಕೇಂದ್ರದಲ್ಲಿ 19 ಪ್ರೋಟಾನ್, ಒಳಗೆ ಆಗಲೇ ಕೂತ 18 ಎಲೆಕ್ಟ್ರಾನ್. ಹತ್ತೊಂಬತ್ತನೆಯದಕ್ಕೆ ಜಾಗ ಬೇಕು. 3ಡಿಯ ಮೋಡ ಬೀಜಕೇಂದ್ರದ ಹತ್ತಿರ ಸುಳಿಯುವುದೇ ಇಲ್ಲ ಎನ್ನಬಹುದು. ಅಲ್ಲಿ ಕೂತರೆ ಒಳಗಿನ 18 ಎಲೆಕ್ಟ್ರಾನ್‌ಗಳು ಅಡ್ಡಗೋಡೆಯಂತೆ ನಿಂತು 19 ಪ್ರೋಟಾನ್‌ಗಳ ಸೆಳೆತದಲ್ಲಿ ಹತ್ತಿರ ಹತ್ತಿರ 18ನ್ನು ಮರೆಮಾಡಿಬಿಡುತ್ತವೆ. ದಕ್ಕುವುದು ಸುಮಾರು ಒಂದರಷ್ಟು. 4ಎಸ್‌ನ ಮೋಡ ಹಾಗಲ್ಲ. ಅದರ ಬಹುಭಾಗ ಹೊರಗೇ ಇದ್ದರೂ ಒಂದಿಷ್ಟು ಒಳಗೋಡೆಗಳನ್ನೆಲ್ಲ ದಾಟಿ ಬೀಜಕೇಂದ್ರದ ಮಗ್ಗುಲವರೆಗೆ ಚಾಚಿಕೊಂಡಿರುತ್ತದೆ. ಅಲ್ಲಿ ಪೂರ್ತಿ ಸೆಳೆತದ ರುಚಿ ಸಿಗುತ್ತದೆ. ಅಳತೆಯೂ ಇದನ್ನೇ ಹೇಳುತ್ತದೆ: ಪೊಟ್ಯಾಸಿಯಂನ 4ಎಸ್ ಎಲೆಕ್ಟ್ರಾನನ್ನು ಕಿತ್ತು ತೆಗೆಯಲು 4.34 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಅದೇ ಎಲೆಕ್ಟ್ರಾನ್ 3ಡಿಯಲ್ಲಿದ್ದಿದ್ದರೆ ಸುಮಾರು 1.67 ಸಾಕಾಗುತ್ತಿತ್ತು. ಕವಚದ ಸಂಖ್ಯೆ ದೊಡ್ಡದಿದ್ದರೂ ಹಿಡಿತ ಬಿಗಿ ಇರುವುದು 4ಎಸ್‌ನಲ್ಲೇ.

ಕ್ಯಾಲ್ಸಿಯಂನ ಕಥೆಯೂ ಇದೇ. 2, 8, 8, 2ರ ಗುಟ್ಟು ಇಷ್ಟೇ.

ಹಂತ 4: ಕಬ್ಬಿಣವನ್ನು ತುಂಬಿಸೋಣ

26 ಎಲೆಕ್ಟ್ರಾನ್ ಕೈಯಲ್ಲಿವೆ. ಪ್ರತಿ ಸಲ ಹಾಕಿದ ಮೇಲೆ ಎಷ್ಟು ಉಳಿದವು ಎಂದು ಪಕ್ಕದಲ್ಲಿ ಬರೆಯುತ್ತಾ ಹೋಗಿ. ನಗು ಬಂದರೂ ಸರಿ, ಬರೆಯಿರಿ.

1ಎಸ್²: ಉಳಿದದ್ದು 24
2ಎಸ್²: ಉಳಿದದ್ದು 22
2ಪಿ⁶: ಉಳಿದದ್ದು 16
3ಎಸ್²: ಉಳಿದದ್ದು 14
3ಪಿ⁶: ಉಳಿದದ್ದು 8
4ಎಸ್²: ಉಳಿದದ್ದು 6
3ಡಿ⁶: ಉಳಿದದ್ದು 0

ಡಿಯಲ್ಲಿ ಹತ್ತಕ್ಕೆ ಜಾಗ ಇದ್ದರೂ ನಮ್ಮಲ್ಲಿದ್ದದ್ದು ಆರೇ. ಈಗ ಇದನ್ನು ಕವಚದ ಪ್ರಕಾರ ಜೋಡಿಸಿ ಬರೆಯಿರಿ:

1ಎಸ್² 2ಎಸ್² 2ಪಿ⁶ 3ಎಸ್² 3ಪಿ⁶ 3ಡಿ⁶ 4ಎಸ್²

ತುಂಬಿಸುವಾಗ 4ಎಸ್ ಮೊದಲು ಬಂದರೂ ಬರೆಯುವಾಗ 3ಡಿಯನ್ನು ಮೂರನೇ ಕವಚದ ಜೊತೆಗೇ ಇಟ್ಟದ್ದನ್ನು ಗಮನಿಸಿ. ಎರಡೂ ರೀತಿ ಬರೆಯುವವರಿದ್ದಾರೆ, ಎರಡನ್ನೂ ಒಪ್ಪುತ್ತಾರೆ. ನಾನು ಹೀಗೆ ಬರೆಯಿರಿ ಎನ್ನುವುದಕ್ಕೆ ಕಾರಣ ಹಂತ 7ರಲ್ಲಿ ಗೊತ್ತಾಗುತ್ತದೆ. ಕವಚವಾರು ಕೂಡಿಸಿದರೆ 2, 8, 14, 2. ಹತ್ತನೇ ತರಗತಿಯ ಭಾಷೆಗೂ ಸೇತುವೆ ಕಟ್ಟಿದಂತಾಯಿತು.

ಪ್ರತಿ ಸಲ 1ಎಸ್‌ನಿಂದ ಬರೆಯುವುದು ಬೇಸರದ ಕೆಲಸ. ಹಿಂದಿನ ಜಡ ಅನಿಲದವರೆಗಿನ ಭಾಗವನ್ನು ಒಂದು ಚೌಕ ಕಂಸದಲ್ಲಿ ಮುಗಿಸಬಹುದು. ಆರ್ಗಾನ್ ಅಂದರೆ 18, ಅಲ್ಲಿಗೆ 3ಪಿ⁶ವರೆಗೆ ಆಯಿತು. ಹಾಗಾಗಿ ಕಬ್ಬಿಣ:

[ಆರ್ಗಾನ್] 3ಡಿ⁶ 4ಎಸ್²

ಹೀಲಿಯಂ 2, ನಿಯಾನ್ 10, ಆರ್ಗಾನ್ 18, ಕ್ರಿಪ್ಟಾನ್ 36, ಕ್ಸೆನಾನ್ 54, ರೇಡಾನ್ 86. ಈ ಆರು ಸಂಖ್ಯೆಗಳನ್ನು ಬಾಯಿಪಾಠ ಮಾಡಿ. ಈ ವಿಷಯದಲ್ಲಿ ಬಾಯಿಪಾಠಕ್ಕೆ ಯೋಗ್ಯವಾದದ್ದು ಇದೊಂದೇ.

ಹಂತ 5: ಚೌಕಗಳಲ್ಲಿ ಬಾಣ ಹಾಕುವುದು

3ಡಿ⁶ ಎಂದು ಬರೆದರೆ ಐದು ಆರ್ಬಿಟಲ್‌ಗಳಲ್ಲಿ ಆರು ಎಲೆಕ್ಟ್ರಾನ್‌ಗಳು ಹೇಗೆ ಹಂಚಿಕೊಂಡಿವೆ ಎಂಬುದು ಕಾಣುವುದಿಲ್ಲ. ಚೌಕುಳಿ ಹಾಳೆ ತೆಗೆದುಕೊಳ್ಳಿ, ಐದು ಮನೆ ಗುರುತು ಮಾಡಿ.

ಎಲ್ಲರೂ ಇಲ್ಲಿ ಬಸ್ಸಿನ ಉದಾಹರಣೆ ಕೊಡುತ್ತಾರೆ: ಖಾಲಿ ಸೀಟು ಇರುವಾಗ ಯಾರೂ ಅಪರಿಚಿತರ ಪಕ್ಕ ಕೂರುವುದಿಲ್ಲ ಎಂದು. ನನಗೆ ಅದಕ್ಕಿಂತ ಅಜ್ಜಿಯ ಅಳಗುಳಿ ಮಣೆ ಹೆಚ್ಚು ಒಪ್ಪುತ್ತದೆ. ಒಂದು ಸಾಲಿನಲ್ಲಿ ಏಳು ಗುಳಿ, ಕೈಯಲ್ಲಿ ಹುಣಸೆ ಬೀಜ. ಗುಳಿಗೊಂದರಂತೆ ಬಿಡುತ್ತಾ ಹೋಗಬೇಕು. ಒಂದೇ ಗುಳಿಗೆ ಎರಡು ಸುರಿಯುವಂತಿಲ್ಲ. ಯೂರೋಪಿಯಂ ಎಂಬ ಧಾತುವಿನ ವಿನ್ಯಾಸ [ಕ್ಸೆನಾನ್] 4ಎಫ್⁷ 6ಎಸ್². ಎಫ್‌ಗೆ ಏಳು ಆರ್ಬಿಟಲ್, ಏಳು ಎಲೆಕ್ಟ್ರಾನ್, ಗುಳಿಗೊಂದು. ಮಣೆಯ ಒಂದು ಸಾಲು ಕಣ್ಣಮುಂದೆ ಬಂದಂತೆ.

ಫ್ರೀಡ್ರಿಕ್ ಹುಂಡ್ ಅವರ ಹೆಸರಿನ ನಿಯಮ ಇದು: ಒಂದೇ ಉಪಕವಚದ ಎಲ್ಲ ಆರ್ಬಿಟಲ್‌ಗಳಿಗೂ ಮೊದಲು ಒಂದೊಂದು ಎಲೆಕ್ಟ್ರಾನ್, ಎಲ್ಲವೂ ಒಂದೇ ಮುಖವಾಗಿ, ಆಮೇಲೆ ಜೋಡಿ. ಬಸ್ಸಾಗಲಿ ಮಣೆಯಾಗಲಿ ಅರ್ಧವನ್ನು ಮಾತ್ರ ವಿವರಿಸುತ್ತದೆ. ಬೇರೆ ಬೇರೆ ಮನೆಗೆ ಹೋಗುವುದು ಪರಸ್ಪರ ವಿಕರ್ಷಣೆಯನ್ನು ತಗ್ಗಿಸಲು. ಆದರೆ ಬಾಣಗಳೆಲ್ಲ ಒಂದೇ ಮುಖವಾಗಿರಬೇಕು ಎಂಬುದಕ್ಕೆ ದಿನಬಳಕೆಯ ಹೋಲಿಕೆ ಸಿಗುವುದಿಲ್ಲ. ಒಂದೇ ಸ್ಪಿನ್‌ನ ಎಲೆಕ್ಟ್ರಾನ್‌ಗಳು ಒಂದನ್ನೊಂದು ಹೆಚ್ಚು ದೂರವಿಟ್ಟುಕೊಳ್ಳುತ್ತವೆ, ಅದರಿಂದ ಒಟ್ಟು ಶಕ್ತಿ ಇಳಿಯುತ್ತದೆ. ವಿನಿಮಯ ಶಕ್ತಿ ಎಂದು ಅದಕ್ಕೆ ಹೆಸರು. ಶುದ್ಧ ಕ್ವಾಂಟಮ್ ವ್ಯವಹಾರ.

ಸಾರಜನಕ, 2ಪಿ³: [↑ ] [↑ ] [↑ ]
ಆಮ್ಲಜನಕ, 2ಪಿ⁴: [↑↓] [↑ ] [↑ ]
ಕಬ್ಬಿಣ, 3ಡಿ⁶: [↑↓] [↑ ] [↑ ] [↑ ] [↑ ]

ಜೋಡಿಯಾದ ಎಲೆಕ್ಟ್ರಾನ್‌ಗೆ ಕಿರಿಕಿರಿ ಇರುತ್ತದೆ ಎನ್ನುವುದಕ್ಕೆ ಪುರಾವೆ ಬೇಕೇ? ಆವರ್ತ ಕೋಷ್ಟಕದಲ್ಲಿ ಬಲಕ್ಕೆ ಹೋದಂತೆ ಎಲೆಕ್ಟ್ರಾನ್ ಕೀಳುವುದು ಕಷ್ಟವಾಗುತ್ತಾ ಹೋಗಬೇಕು. ಸಾರಜನಕಕ್ಕೆ ಮೋಲ್ ಒಂದಕ್ಕೆ 1402 ಕಿಲೋಜೂಲ್ ಬೇಕು. ಅದರ ಬಲಕ್ಕಿರುವ ಆಮ್ಲಜನಕಕ್ಕೆ 1314 ಸಾಕು. ಆ ಮೊದಲ ಚೌಕದಲ್ಲಿ ಒತ್ತಿ ಕೂತ ಎರಡನೆಯದು ಹೊರಡಲು ಕಾಯುತ್ತಲೇ ಇರುತ್ತದೆ.

ಕಬ್ಬಿಣದಲ್ಲಿ ಒಂಟಿ ಎಲೆಕ್ಟ್ರಾನ್‌ಗಳು ನಾಲ್ಕು. ಈ ಸಂಖ್ಯೆಯನ್ನು ನೆನಪಿಡಿ.

ಹಂತ 6: ಮಾತು ಕೇಳದವರು

ಕ್ರೋಮಿಯಂ, 24. ಲೆಕ್ಕದ ಪ್ರಕಾರ [ಆರ್ಗಾನ್] 3ಡಿ⁴ 4ಎಸ್² ಆಗಬೇಕು. ನಿಜಕ್ಕೂ ಇರುವುದು [ಆರ್ಗಾನ್] 3ಡಿ⁵ 4ಎಸ್¹. ತಾಮ್ರ, 29. ಆಗಬೇಕಾದದ್ದು 3ಡಿ⁹ 4ಎಸ್²; ಇರುವುದು 3ಡಿ¹⁰ 4ಎಸ್¹.

"ಅರ್ಧ ತುಂಬಿದ ಮತ್ತು ಪೂರ್ತಿ ತುಂಬಿದ ಡಿ ಹೆಚ್ಚು ಸ್ಥಿರ" ಎಂದು ಬರೆದರೆ ಅಂಕ ಸಿಗುತ್ತದೆ. ಬರೆಯಿರಿ. ಆದರೆ ಅದನ್ನು ಕಾನೂನು ಎಂದು ನಂಬಿಕೊಂಡು ಕೂರಬೇಡಿ. ಮಾಲಿಬ್ಡಿನಂ ಕ್ರೋಮಿಯಂನ ಕೆಳಗಿದೆ, ಹಾಗೇ ನಡೆದುಕೊಳ್ಳುತ್ತದೆ: [ಕ್ರಿಪ್ಟಾನ್] 4ಡಿ⁵ 5ಎಸ್¹. ಅದರ ಕೆಳಗಿನ ಟಂಗ್‌ಸ್ಟನ್ ಮಾತ್ರ 5ಡಿ⁴ 6ಎಸ್² ಎನ್ನುತ್ತದೆ. ಅರ್ಧ ತುಂಬುವ ಆಸೆ ಅದಕ್ಕಿಲ್ಲ. ನಿಯೋಬಿಯಂ 4ಡಿ⁴ 5ಎಸ್¹, ಅರ್ಧವೂ ಅಲ್ಲ ಪೂರ್ತಿಯೂ ಅಲ್ಲ. ಪೆಲ್ಲಾಡಿಯಂ ಐದನೇ ಕವಚವನ್ನೇ ಖಾಲಿಮಾಡಿ 4ಡಿ¹⁰ ಆಗಿ ಕೂತಿದೆ. ಎಸ್ ಮತ್ತು ಡಿಯ ಶಕ್ತಿ ತೀರಾ ಹತ್ತಿರ ಬಂದಾಗ, ವಿಕರ್ಷಣೆ, ವಿನಿಮಯ ಶಕ್ತಿ, ಸೆಳೆತ ಎಲ್ಲವೂ ಸೇರಿ ತಕ್ಕಡಿ ಯಾವ ಕಡೆಗಾದರೂ ವಾಲಬಹುದು. ಎನ್ ಮತ್ತು ಎಲ್ ಕೂಡಿಸುವ ನಮ್ಮ ಲೆಕ್ಕ ಒಂದು ಒಳ್ಳೆಯ ಅಂದಾಜು, ಅಷ್ಟೇ.

ತಾಮ್ರದ ಕಂಬಸಾಲಿನಲ್ಲಿ ಕೆಳಗೆ ಬೆಳ್ಳಿ, ಅದರ ಕೆಳಗೆ ಚಿನ್ನ. ಬೆಳ್ಳಿ [ಕ್ರಿಪ್ಟಾನ್] 4ಡಿ¹⁰ 5ಎಸ್¹, ಚಿನ್ನ [ಕ್ಸೆನಾನ್] 4ಎಫ್¹⁴ 5ಡಿ¹⁰ 6ಎಸ್¹. ಕೋಲಾರದ ಗಣಿಯಿಂದ ತೆಗೆದ ಚಿನ್ನ ಹಳದಿಯಾಗಿ ಹೊಳೆಯುವುದಕ್ಕೂ ಈ ಕೊನೆಯ ಎರಡು ಉಪಕವಚಗಳ ನಡುವಿನ ಅಂತರವೇ ಕಾರಣ. ಭಾರೀ ಬೀಜಕೇಂದ್ರದ ಸುತ್ತ ಐನ್‌ಸ್ಟೈನರ ಸಾಪೇಕ್ಷತೆಯ ಪ್ರಭಾವದಿಂದ 6ಎಸ್ ಕುಗ್ಗಿ ಆ ಅಂತರ ಕಿರಿದಾಗಿದೆ. ಚಿನ್ನ ನೀಲಿ ಬೆಳಕನ್ನು ಹೀರುತ್ತದೆ, ಹಳದಿ ನಮ್ಮ ಕಣ್ಣಿಗೆ ಮರಳುತ್ತದೆ.

ಹಂತ 7: ಅಯಾನುಗಳು, ನನಗೆ ಕೆಂಪು ಗೆರೆ ಬಿದ್ದ ಜಾಗ

ಫೆರಸ್ ಅಯಾನು, ಅಂದರೆ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ. ನಾನು ಬರೆದದ್ದು [ಆರ್ಗಾನ್] 3ಡಿ⁴ 4ಎಸ್². ಕೊನೆಗೆ ಬಂದದ್ದು 3ಡಿ, ಹಾಗಾಗಿ ಮೊದಲು ಹೋಗಬೇಕಾದದ್ದೂ ಅದೇ ಎಂಬುದು ನನ್ನ ತರ್ಕ. ಸರಿಯಾದದ್ದು:

ಫೆರಸ್: [ಆರ್ಗಾನ್] 3ಡಿ⁶
ಫೆರಿಕ್ (ಮೂರು ಕಳೆದುಕೊಂಡದ್ದು): [ಆರ್ಗಾನ್] 3ಡಿ⁵

ಹೊರಗೆ ಹೋಗುವ ನಿಯಮ ಹೀಗಿದೆ: ಎನ್ ದೊಡ್ಡದಿರುವ ಕವಚದಿಂದ ಮೊದಲು ತೆಗೆಯಿರಿ. ಆ ಕವಚದಲ್ಲೇ ಎಸ್ ಮತ್ತು ಪಿ ಎರಡೂ ಇದ್ದರೆ ಮೊದಲು ಪಿ, ಆಮೇಲೆ ಎಸ್. ಹಂತ 4ರಲ್ಲಿ ಕವಚದ ಪ್ರಕಾರ ಜೋಡಿಸಿ ಬರೆಯಿರಿ ಎಂದದ್ದು ಇದಕ್ಕೇ. ಹಾಗೆ ಬರೆದಿದ್ದರೆ ಬಲತುದಿಯಿಂದ ಅಳಿಸುತ್ತಾ ಬಂದರೆ ಸಾಕು.

ಯಾಕೆ ಹೀಗೆ? ಪೊಟ್ಯಾಸಿಯಂ, ಕ್ಯಾಲ್ಸಿಯಂ ದಾಟಿ ಸ್ಕ್ಯಾಂಡಿಯಂಗೆ ಬರುವಷ್ಟರಲ್ಲಿ ಪರಿಸ್ಥಿತಿ ಮಗುಚಿರುತ್ತದೆ. ಪ್ರೋಟಾನ್ ಹೆಚ್ಚಾದಂತೆ 3ಡಿಯ ಮೋಡ ಒಳಕ್ಕೆ ಕುಗ್ಗಿ, ಅದರ ಶಕ್ತಿ 4ಎಸ್‌ಗಿಂತ ಕೆಳಗಿಳಿಯುತ್ತದೆ. ಸ್ಕ್ಯಾಂಡಿಯಂನಿಂದ ಎರಡು ಎಲೆಕ್ಟ್ರಾನ್ ಕಿತ್ತರೆ ಉಳಿಯುವ ಒಂದೇ ಒಂದು ಹೊರಗಿನ ಎಲೆಕ್ಟ್ರಾನ್ ಇರುವುದು 3ಡಿಯಲ್ಲಿ, 4ಎಸ್‌ನಲ್ಲಲ್ಲ. ಹಾಗಾದರೆ ಪೂರ್ತಿ ಪರಮಾಣುವಿನಲ್ಲಿ ಎಲ್ಲವೂ 3ಡಿಗೇ ಏಕೆ ಹೋಗಲಿಲ್ಲ? 3ಡಿ ಇಕ್ಕಟ್ಟಿನ ಜಾಗ. ಅಲ್ಲಿ ಮೂವರನ್ನು ತುರುಕಿದರೆ ಜಗಳ ಜಾಸ್ತಿ. ಇಬ್ಬರು ವಿಶಾಲವಾದ 4ಎಸ್‌ನಲ್ಲಿದ್ದರೆ ಒಟ್ಟು ಸಂಸಾರದ ಖರ್ಚು ಕಡಿಮೆ. ಓರೆ ಬಾಣದ ಚಿತ್ರ ಹೇಳುವುದು ಈ ಒಟ್ಟು ಲೆಕ್ಕವನ್ನು. ಒಂದೊಂದು ಆರ್ಬಿಟಲ್‌ನ ಎತ್ತರ ಅದರಲ್ಲಿಲ್ಲ.

ಸೀಸಕ್ಕೂ ಇದೇ ನಿಯಮ ಹಾಕಿ ನೋಡಿ. [ಕ್ಸೆನಾನ್] 4ಎಫ್¹⁴ 5ಡಿ¹⁰ 6ಎಸ್² 6ಪಿ². ಎರಡು ಹೋದರೆ 6ಪಿ ಖಾಲಿ, ನಾಲ್ಕು ಹೋದರೆ 6ಎಸ್ ಕೂಡ. ಸೀಸಕ್ಕೆ +2 ಮತ್ತು +4 ಎಂಬ ಎರಡು ಸ್ಥಿತಿಗಳಿರುವುದು ತಾನಾಗಿ ಕಾಣುತ್ತದೆ.

ಎಲೆಕ್ಟ್ರಾನ್ ಸೇರಿಸಿಕೊಳ್ಳುವ ಅಯಾನುಗಳಲ್ಲಿ ತೊಡಕಿಲ್ಲ. ಕ್ಲೋರೈಡ್‌ಗೆ ಒಂದು ಸೇರಿಸಿ, 3ಪಿ⁶ ಆಗಿ ಆರ್ಗಾನ್‌ನಂತಾಯಿತು, ಮುಗಿಯಿತು.

ಹಂತ 8: ಬರೆದದ್ದು ಸರಿಯೇ ಎಂದು ನೋಡುವುದು

ಮೇಲೆ ಬರೆದ ಸಣ್ಣ ಅಂಕಿಗಳನ್ನೆಲ್ಲ ಕೂಡಿಸಿ. ಎಲೆಕ್ಟ್ರಾನ್ ಸಂಖ್ಯೆಗೆ ಸಮ ಬರಬೇಕು. ಇದು ಕನಿಷ್ಠ ಪರೀಕ್ಷೆ.

ಇನ್ನೊಂದು ಪರೀಕ್ಷೆಯನ್ನು ಪ್ರಯೋಗಾಲಯದ ತಕ್ಕಡಿ ಮಾಡುತ್ತದೆ. ಒಂಟಿ ಎಲೆಕ್ಟ್ರಾನ್ ಇರುವ ವಸ್ತುವನ್ನು ಕಾಂತಕ್ಷೇತ್ರ ಸೆಳೆಯುತ್ತದೆ. ಒಂಟಿಗಳ ಸಂಖ್ಯೆ ಎನ್ ಆದರೆ (ಇದು ಕವಚದ ಎನ್ ಅಲ್ಲ, ಹೆಸರು ಮಾತ್ರ ಒಂದೇ) ಕಾಂತೀಯ ಭ್ರಾಮಕ √ಎನ್(ಎನ್+2) ಬೋರ್ ಮ್ಯಾಗ್ನೆಟಾನ್ (ಅದನ್ನು ಅಳೆಯುವ ಮಾನ). ವರ್ಗಮೂಲ ಪೂರ್ತಿ ಗುಣಲಬ್ಧಕ್ಕೆ. ಫೆರಸ್‌ಗೆ ಒಂಟಿ ನಾಲ್ಕು: √24, ಅಂದರೆ 4.90. ಫೆರಿಕ್‌ಗೆ ಐದು: √35, ಅಂದರೆ 5.92. ನಾನು ಬರೆದಿದ್ದ 3ಡಿ⁴ 4ಎಸ್²ಗೂ ಒಂಟಿ ನಾಲ್ಕೇ ಬರುತ್ತದೆ, ಹಾಗಾಗಿ ಫೆರಸ್‌ನಲ್ಲಿ ಈ ಪರೀಕ್ಷೆ ನನ್ನ ತಪ್ಪನ್ನು ಹಿಡಿಯುತ್ತಿರಲಿಲ್ಲ. ಫೆರಿಕ್‌ನಲ್ಲಿ ಸಿಕ್ಕಿಬೀಳುತ್ತಿದ್ದೆ: ನನ್ನ ದಾರಿಯಲ್ಲಿ 3ಡಿ³ 4ಎಸ್², ಒಂಟಿ ಮೂರೇ, ಅಳೆದರೆ ಸಿಗುವುದು ಐದರ ಲೆಕ್ಕ.

ಬಣ್ಣವೂ ಸುಳಿವು ಕೊಡುತ್ತದೆ. ಮಲೆನಾಡಿನ ಅಡಿಕೆ ತೋಟದವರಿಗೆ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ಗೊತ್ತು. ಕೊಳೆರೋಗಕ್ಕೆ ಹೊಡೆಯುವ ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆ ಗಾಢ ನೀಲಿ ತಾಮ್ರದ +2 ಅಯಾನಿನದು, [ಆರ್ಗಾನ್] 3ಡಿ⁹. ಡಿಯಲ್ಲಿ ಒಂದು ಜಾಗ ಖಾಲಿ. ಬೆಳಕು ಹೀರಿಕೊಂಡು ಎಲೆಕ್ಟ್ರಾನ್ ಅಲ್ಲಿಗೆ ಜಿಗಿಯಬಲ್ಲದು. ಗದ್ದೆಗೆ ಹಾಕುವ ಜಿಂಕ್ ಸಲ್ಫೇಟ್ ಬೆಳ್ಳಗಿರುತ್ತದೆ. ಸತುವಿನ ಅಯಾನು 3ಡಿ¹⁰, ಜಿಗಿಯಲು ಜಾಗವೇ ಇಲ್ಲ. ಆದರೆ ಮೈಲುತುತ್ತದ ಹರಳನ್ನು ಕಾಯಿಸಿ ನೀರೆಲ್ಲ ಹೋಗಿಸಿದರೆ ಅದೂ ಬಿಳಿಯಾಗುತ್ತದೆ, ಹನಿ ನೀರು ಬಿದ್ದರೆ ಮತ್ತೆ ನೀಲಿ. 3ಡಿ⁹ ಹಾಗೇ ಇದೆ; ಬದಲಾದದ್ದು ಸುತ್ತ ನಿಂತವರು. ಬಣ್ಣಕ್ಕೆ ವಿನ್ಯಾಸದ ಜೊತೆ ನೆರೆಹೊರೆಯೂ ಬೇಕು.

ನೀವೇ ಮಾಡಿ

ಕೆಳಗಿನ ಉತ್ತರ ನೋಡದೆ ಬರೆಯಿರಿ: ಸೆಲೆನಿಯಂ (34), ಕೋಬಾಲ್ಟ್‌ನ +3 ಅಯಾನು (27), ಕ್ಯೂಪ್ರಸ್ ಅಂದರೆ ತಾಮ್ರದ +1 ಅಯಾನು (29), ಮ್ಯಾಂಗನೀಸ್ (25) ಮತ್ತು ಅದರ +2 ಅಯಾನು.

ಸೆಲೆನಿಯಂ: [ಆರ್ಗಾನ್] 3ಡಿ¹⁰ 4ಎಸ್² 4ಪಿ⁴. ಒಂಟಿ ಎರಡು.
ಕೋಬಾಲ್ಟ್ +3: ಪರಮಾಣು [ಆರ್ಗಾನ್] 3ಡಿ⁷ 4ಎಸ್², ಅಯಾನು [ಆರ್ಗಾನ್] 3ಡಿ⁶. ಫೆರಸ್‌ನಷ್ಟೇ ಎಲೆಕ್ಟ್ರಾನ್.
ಕ್ಯೂಪ್ರಸ್: [ಆರ್ಗಾನ್] 3ಡಿ¹⁰. ಇಲ್ಲಿ 3ಡಿ⁸ 4ಎಸ್² ಬರೆದಿದ್ದರೆ ಹಂತ 6 ಮತ್ತು 7ಕ್ಕೆ ಮರಳಿ.
ಮ್ಯಾಂಗನೀಸ್: [ಆರ್ಗಾನ್] 3ಡಿ⁵ 4ಎಸ್², +2 ಅಯಾನು [ಆರ್ಗಾನ್] 3ಡಿ⁵.

ಮ್ಯಾಂಗನೀಸನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಪಿಯುಸಿ ಲ್ಯಾಬಿನಲ್ಲಿ ಮೋರ್ಸ್ ಸಾಲ್ಟ್ (ಫೆರಸ್ ಅಯಾನಿರುವ ಲವಣ) ಮತ್ತು ಪೊಟ್ಯಾಸಿಯಂ ಪರ್ಮಾಂಗನೇಟ್ ಟೈಟ್ರೇಷನ್ ಮಾಡಿರುತ್ತೀರಿ ಅಥವಾ ಮಾಡಲಿದ್ದೀರಿ. ಪರ್ಮಾಂಗನೇಟ್‌ನಲ್ಲಿ ಮ್ಯಾಂಗನೀಸ್ +7ರ ಸ್ಥಿತಿಯಲ್ಲಿದೆ. ಲೆಕ್ಕದಲ್ಲಿ ಏಳೂ ಹೋಗಿ ಬರೀ [ಆರ್ಗಾನ್]. ಡಿ ಖಾಲಿ ಇದ್ದರೂ ಕಡು ನೇರಳೆ, ಏಕೆಂದರೆ ಅಲ್ಲಿ ಜಿಗಿಯುವುದು ಆಮ್ಲಜನಕದ ಎಲೆಕ್ಟ್ರಾನ್. ಬ್ಯೂರೆಟ್ಟಿನ ಮೇಲಂಚನ್ನೇ ಓದಬೇಕಾಗುವಷ್ಟು ಗಾಢ ಬಣ್ಣ. ಕೆಳಗಿನ ಕೋನಿಕಲ್ ಫ್ಲಾಸ್ಕಿನಲ್ಲಿ ಸಲ್ಫ್ಯೂರಿಕ್ ಆಮ್ಲ ಹಾಕಿದ ಫೆರಸ್, 3ಡಿ⁶. ಮ್ಯಾಂಗನೀಸ್ 3ಡಿ⁵ ಆಗಲು ಐದು ಎಲೆಕ್ಟ್ರಾನ್ ಬೇಕು. ಫೆರಸ್ ಒಂದು ಕೊಟ್ಟರೆ ತಾನೂ 3ಡಿ⁵. ಹಾಗಾಗಿ ಒಂದು ಪರ್ಮಾಂಗನೇಟ್‌ಗೆ ಐದು ಫೆರಸ್. ರೆಕಾರ್ಡ್ ಪುಸ್ತಕದ ಲೆಕ್ಕದಲ್ಲಿ ಬರುವ 5 ಇದೇ. ಬೀಳುವ ಪ್ರತಿ ಹನಿಯ ನೇರಳೆ ಬಣ್ಣ ಫ್ಲಾಸ್ಕ್ ಅಲುಗಾಡಿಸುತ್ತಿದ್ದಂತೆ ಮಾಯವಾಗುತ್ತದೆ. ಕೊನೆಗೊಂದು ಹನಿ ಬಿದ್ದಾಗ ಎಷ್ಟು ಅಲುಗಾಡಿಸಿದರೂ ತಿಳಿ ಗುಲಾಬಿ ಹೋಗುವುದಿಲ್ಲ. ಕೊಡುವ 3ಡಿ⁶ ಒಂದೂ ಉಳಿದಿಲ್ಲ. ನಲ್ಲಿ ನಿಲ್ಲಿಸಿ, ರೀಡಿಂಗ್ ಬರೆದುಕೊಳ್ಳಿ.